ಪುಟ್ಟೀ, ಫೋಟೋಗೆ ಅಂತ ಹೈವೇ ಪಕ್ಕ ನಿಲ್ಲಿಸಬೇಡಿ

ಪುಟ್ಟೀ, ನಿನ್ನೆ ರಾತ್ರಿ ನಿಮ್ಮಮ್ಮ ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. "ಅಕ್ಕಾ, ಕ್ರಿಸ್‌ಮಸ್ ರಜೆಗೆ ಇವರು ಡೆನ್ವರ್‌ನಿಂದ ಮೋಆಬ್‌ಗೆ, ಅಲ್ಲಿಂದ ಲಾಸ್ ವೇಗಸ್‌ಗೆ ಕಾರಿನಲ್ಲೇ ಹೊರಟಿದ್ದಾರೆ. ಅಳಿಯಂದಿರು ಹೊಸ ಕ್ಯಾಮೆರಾ ತಗೊಂಡಿದ್ದಾರೆ, ಚೆನ್ನಾಗಿ ಕಂಡ ಕಡೆಯೆಲ್ಲ ನಿಲ್ಲಿಸಿಕೊಂಡು ಹೋಗುತ್ತಾರಂತೆ. ಹಿಮ ಬೀಳೋ ಕಾಲ, ನನಗೆ ನಿದ್ದೆ ಬರುತ್ತಿಲ್ಲ" ಅಂತ ಬರೆದಿದ್ದಾಳೆ. ಅದರ ಕೆಳಗೇ ನೀನು "ದೊಡ್ಡಮ್ಮ, ಎಲ್ಲೆಲ್ಲಿ ನಿಲ್ಲಿಸಿದರೆ ಒಳ್ಳೆ ಫೋಟೋ ಸಿಗುತ್ತದೆ ಹೇಳಿ" ಅಂತ ಕೇಳಿದ್ದೀಯ. ನನ್ನ ಬೆರಳು ನೋಯುತ್ತವೆ, ಅದಕ್ಕೆ ಬಾಯಲ್ಲಿ ಹೇಳುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ಉದ್ದ ಆಗುತ್ತದೆ. ಪೂರ್ತಿ ಓದು.

ಡೆನ್ವರ್‌ನಿಂದ ನೀವು ಹೋಗೋ ಆ ಐ-70 ಹೆದ್ದಾರಿ ನಮಗೆ ಮನೆ ಮುಂದಿನ ಬೀದಿ ಇದ್ದ ಹಾಗೆ ಇತ್ತು. ಫೀನಿಕ್ಸ್‌ಗೆ ಬರೋ ತನಕ ಅಲ್ಲೇ ಅಲ್ವಾ ನಾವು ಇದ್ದದ್ದು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನೋಟ ಎಷ್ಟೇ ಚೆನ್ನಾಗಿರಲಿ, ಆಕಾಶ ಎಷ್ಟೇ ಕೆಂಪಾಗಿರಲಿ, ಇಂಟರ್‌ಸ್ಟೇಟ್‌ನ ಶೋಲ್ಡರ್ ಮೇಲೆ, ಅಂದರೆ ಹೆದ್ದಾರಿ ಅಂಚಿನ ಖಾಲಿ ಪಟ್ಟಿಯಲ್ಲಿ, ಗಾಡಿ ನಿಲ್ಲಿಸಬೇಡಿ. ಒಂದು ನಿಮಿಷಕ್ಕೂ ಬೇಡ. ಅದು ಕೆಟ್ಟ ಗಾಡಿ ನಿಲ್ಲಿಸೋಕೆ ಇರುವ ಜಾಗ, ಫೋಟೋಗಲ್ಲ.

1998ರ ಡಿಸೆಂಬರ್. ನಿಮ್ಮ ಅಣ್ಣ, ಅದೇ ನನ್ನ ಮಗನಿಗೆ, ಆಗ ಆರು ವರ್ಷ. ಆ ಮೆರೂನ್ ಕಾರು ನಿಮಗೆಲ್ಲ ನೆನಪಿರುತ್ತದೆ, ಅಜ್ಜ ಬಂದಾಗ ಮುಂದೆ ಕೂತು ಕಿಟಕಿ ಇಳಿಸಿಕೊಂಡೇ ಹೋಗುತ್ತಿದ್ದರಲ್ಲ, ಅದೇ. ಐಸನ್‌ಹೋವರ್ ಟನೆಲ್ ಅಂತ ಒಂದಿದೆ, 11,000 ಅಡಿಗಿಂತ ಮೇಲೆ. ಅದನ್ನು ದಾಟಿದ ತಕ್ಷಣ ಸಿಲ್ವರ್‌ಥಾರ್ನ್ ಕಡೆಗೆ ರಸ್ತೆ ಒಂದೇ ಸಮನೆ ಇಳಿಯುತ್ತದೆ. ಲಾರಿಗಳೆಲ್ಲ ಬ್ರೇಕ್ ಸುಟ್ಟ ವಾಸನೆ ಬಿಟ್ಟುಕೊಂಡು ಬರುತ್ತವೆ. ಆ ಇಳಿಜಾರಿನಲ್ಲಿ ಎದುರಿಗೆ ಬಫಲೋ ಮೌಂಟನ್, ಅದರ ಹಿಂದೆ ಸೂರ್ಯ ಇಳಿಯುತ್ತಿದ್ದ. ಹಿಮವೆಲ್ಲ ಹೊಂಬಣ್ಣ. "ನಿಲ್ಲಿಸಿ, ನಿಲ್ಲಿಸಿ" ಅಂದವಳು ನಾನೇ. ನಿಮ್ಮ ದೊಡ್ಡಪ್ಪ ಬೇಡ ಅಂದರು. ನಾನು ಕೇಳಲಿಲ್ಲ. ಎರಡೇ ನಿಮಿಷ ಅಂದೆ. ಅವರು ಹಜಾರ್ಡ್ ಲೈಟ್ ಹಾಕಿ ಪಕ್ಕಕ್ಕೆ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಮಗು ಬೆಲ್ಟ್ ಹಾಕಿಕೊಂಡು ಪುಳಿಯೋಗರೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ತಿನ್ನುತ್ತಿತ್ತು.

ನಾನು ಟ್ರೈಪಾಡ್ ಹಿಡಿದು ಇಪ್ಪತ್ತು ಹೆಜ್ಜೆ ಮುಂದೆ ಹೋಗಿದ್ದೆ. ಮೂರು ಫೋಟೋ ತೆಗೆದೆ. ಹಿಂದೆ ದಢ್ ಅಂತ ಒಂದು ಸದ್ದು. ಅದಕ್ಕೆ ಮುಂಚೆ ಏನೂ ಇಲ್ಲ. ನಮ್ಮೂರಲ್ಲಿ ಗಾಡಿ ಗುದ್ದೋ ಮುಂಚೆ ಬ್ರೇಕ್ ಕಿರ್ ಅನ್ನುತ್ತದೆ, ತಿರುಗಿ ನೋಡುತ್ತೇವೆ. ಐಸ್ ಮೇಲೆ ಟೈರ್ ಕಿರುಚುವುದಿಲ್ಲ ಪುಟ್ಟಿ. ಗಾಡಿ ಸುಮ್ನೆ ಜಾರಿಕೊಂಡು ಬರುತ್ತದೆ. ಒಂದು ಪಿಕಪ್ ಟ್ರಕ್ ಹಾಗೆ ತಿರುಗಿಕೊಂಡು ಬಂದು ನಮ್ಮ ಕಾರಿನ ಹಿಂದಿನ ಮೂಲೆಗೆ ಬಡಿದಿತ್ತು. ಕಾರು ಮುಂದಕ್ಕೆ ಹೋಗಿ ಗಾರ್ಡ್‌ರೇಲಿಗೆ ಒರಗಿ ನಿಂತಿತ್ತು. ನಾನು ಓಡಿದೆನೋ ತೆವಳಿದೆನೋ ಗೊತ್ತಿಲ್ಲ. ಬಾಗಿಲು ತೆಗೆದರೆ ಮಗು ಅಳುತ್ತಲೂ ಇಲ್ಲ, ಕಣ್ಣು ಬಿಟ್ಟುಕೊಂಡು ಕೂತಿದೆ. ಜಾಕೆಟ್ ತುಂಬ ಪುಳಿಯೋಗರೆ ಅಗುಳು, ಅದರ ಜೊತೆ ಹಿಂದಿನ ಗಾಜಿನ ಚೂರು. ಎರಡೂ ಬೆರೆತುಹೋಗಿದ್ದವು. ಕೈಗವಸು ಬಿಚ್ಚಿ ಒಂದೊಂದೇ ಚೂರು ಆರಿಸಿದೆ. ಅನ್ನ ಯಾವುದು ಗಾಜು ಯಾವುದು ಅಂತ ಬೆರಳಿಗೆ ತಿಳಿಯುತ್ತಿರಲಿಲ್ಲ, ಅಷ್ಟು ಮರಗಟ್ಟಿದ್ದವು. ಕಿವಿಯ ಹಿಂದೆ ಒಂದು ಸಣ್ಣ ಗೀರು, ಅಷ್ಟೇ. ದೇವರು ದೊಡ್ಡವನು.

ಪೊಲೀಸಿನವರು ಬಂದು ಕಾರು ಕೆಟ್ಟಿತ್ತಾ ಅಂತ ಕೇಳಿದರು. ಇಲ್ಲ, ಫೋಟೋ ಅಂದೆ. ಅವರು ಬೈಯಲಿಲ್ಲ. ಮಗುವಿನ ಕಡೆ ಒಂದು ಸಲ ನೋಡಿ ಬರೆದುಕೊಂಡರು. ಬೈದಿದ್ದರೆ ಪರವಾಗಿರಲಿಲ್ಲ. ಆ ರೋಲ್ ಆಮೇಲೆ ತೊಳೆಸಿದೆವು. ಮೂರರಲ್ಲಿ ಒಂದು ತುಂಬ ಚೆನ್ನಾಗಿ ಬಂದಿತ್ತು. ಇವತ್ತಿನವರೆಗೆ ಗೋಡೆಗೆ ಹಾಕಿಲ್ಲ.

ಅದಕ್ಕೇ ಇನ್ನೊಂದು ಸಲ ಹೇಳುತ್ತಿದ್ದೇನೆ, ಅಳಿಯಂದಿರಿಗೂ ಓದಿ ಹೇಳು. ಶೋಲ್ಡರ್ ಮೇಲೆ ನಿಲ್ಲಿಸಬೇಡಿ. ರಸ್ತೆ ಒಣಗಿದ ಹಾಗೆ ಕಪ್ಪಗೆ ಕಂಡರೂ ಮೇಲೆ ತೆಳ್ಳಗೆ ಐಸ್ ಇರುತ್ತದೆ, ಅದು ಕಣ್ಣಿಗೆ ಬೀಳುವುದಿಲ್ಲ. ನೀವು ಹುಷಾರಾಗಿದ್ದರೆ ಸಾಲದು, ಹಿಂದೆ ಬರೋನು ಜಾರಿದರೆ ಅವನ ಕೈಯಲ್ಲೂ ಏನೂ ಇರುವುದಿಲ್ಲ.

ಈ ಮಾತನ್ನು ನಾನು ಆಗಲೇ ಮನೆಗೆ ಕಾಗದದಲ್ಲಿ ಬರೆದಿದ್ದೆ. ಯಾರಿಗಾದರೂ ನೆನಪಿದೆಯಾ? ನಾನು ವರ್ಷ ವರ್ಷ ಫೋಟೋ ಪ್ರಿಂಟ್ ಹಾಕಿಸಿ, ಹಿಂದೆ ಊರು ತಾರೀಖು ಬರೆದು, ಮೈಸೂರಿಗೆ ಕಳಿಸುತ್ತಿದ್ದೆ. ಅಮ್ಮ ನೋಡಲಿ, ನಾವು ಇರೋ ಊರು ಹೇಗಿದೆ ಅಂತ ಗೊತ್ತಾಗಲಿ ಅಂತ. ಅಂಚೆ ಖರ್ಚೇ ಎಷ್ಟಾಗುತ್ತಿತ್ತು. ಆ ಮನೆಗೆ ಬಣ್ಣ ಹೊಡೆಸುವಾಗ ನಾನು ಬಂದಿದ್ದೆನಲ್ಲ, ಅಟ್ಟದ ಮೇಲೆ ಹಳೆ ಪಂಚಾಂಗಗಳ ಜೊತೆ ಒಂದು ಕಟ್ಟು ಸಿಕ್ಕಿತು. ಕೆಲವು ಲಕೋಟೆ ಒಡೆದೇ ಇರಲಿಲ್ಲ. ಬೆಳ್ಳಿಹುಳ ತಿಂದಿತ್ತು. ಯಾರ ಹೆಸರೂ ಹೇಳುವುದಿಲ್ಲ, ಆದರೆ ಆ ಮನೆಯಲ್ಲಿ ಆಗ ಇದ್ದವರೆಲ್ಲ ಈ ಗ್ರೂಪಿನಲ್ಲೇ ಇದ್ದೀರಿ. ನನಗೆ ಬಹಳ ನೋವಾಯಿತು, ಈಗಲೂ ಇದೆ. ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ ಸರಿ, ಯಾರಾದರೂ ಪಕ್ಕ ಕೂತು ಇದು ಇಂಥದ್ದು ಅಂತ ಹೇಳಬಹುದಿತ್ತು ಅಲ್ವಾ.

ಇರಲಿ. ಪುಟ್ಟಿ ಕೇಳಿದ್ದೇ ಬೇರೆ, ಎಲ್ಲಿ ನಿಲ್ಲಿಸಬೇಕು ಅಂತ. ಹೆದ್ದಾರಿಯಿಂದ ಇಳಿಯೋ ದಾರಿಗೆ ಎಕ್ಸಿಟ್ ಅನ್ನುತ್ತಾರೆ, ಹೊರಡುವ ಹಿಂದಿನ ದಿನವೇ ಅದರ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಂಡ ಮೇಲೆ ನಿಲ್ಲಿಸುವುದಲ್ಲ, ಎಲ್ಲಿ ಇಳಿಯಬೇಕು ಅಂತ ಮೊದಲೇ ಗೊತ್ತಿರಬೇಕು. ಆಗ ಗಾಬರಿಯಲ್ಲಿ ಬ್ರೇಕ್ ಹಾಕುವುದಿಲ್ಲ.

ಡೆನ್ವರ್ ಬಿಟ್ಟು ಬೆಟ್ಟ ಹತ್ತುವಾಗ ಎಕ್ಸಿಟ್ 254, ಜೆನೆಸಿ. ಅಲ್ಲಿ ರಸ್ತೆಗೆ ಅಡ್ಡ ಇರುವ ಸೇತುವೆ ಕೆಳಗಿಂದ ಹಿಮದ ಬೆಟ್ಟಗಳ ಸಾಲು ಚೌಕಟ್ಟು ಹಾಕಿದ ಹಾಗೆ ಕಾಣುತ್ತದೆ. ಇಳಿದರೆ ಕಾಡೆಮ್ಮೆ ಮಂದೆಯನ್ನೂ ನೋಡಬಹುದು, ಬೈಸನ್ ಅನ್ನುತ್ತಾರೆ. ಬೇಲಿ ಹತ್ತಿರಕ್ಕೆ ಬಂದರೆ ನಿಮ್ಮ ಅದೃಷ್ಟ. ಆಮೇಲೆ ಎಕ್ಸಿಟ್ 228, ಜಾರ್ಜ್‌ಟೌನ್. ಕೆರೆ ಪಕ್ಕದ ರಸ್ತೆಯಿಂದ ಎದುರಿನ ಬಂಡೆಗಳನ್ನು ನಿಧಾನವಾಗಿ ನೋಡುತ್ತಾ ಇರಿ. ಸುರುಳಿ ಕೊಂಬಿನ ಕಾಡು ಟಗರು ಚಳಿಗಾಲದಲ್ಲಿ ಕೆಳಕ್ಕೆ ಇಳಿದು ಬರುತ್ತವೆ. ಬಂಡೆಯ ಬಣ್ಣವೇ ಅವುಗಳ ಬಣ್ಣ, ಒಂದು ಅಲುಗಾಡಿದ ಮೇಲೆ ಉಳಿದ ಐದಾರು ಕಾಣುತ್ತವೆ. ನನಗೆ ಆ ದಾರಿಯಲ್ಲಿ ಇದೇ ಎಲ್ಲಕ್ಕಿಂತ ಇಷ್ಟದ ಜಾಗ. ಉದ್ದ ಲೆನ್ಸ್ ಇದ್ದರೆ ಇಲ್ಲಿ ಹಾಕಲಿ.

ಟನೆಲ್ ಬಿಟ್ಟು ಬೆಟ್ಟದ ಮೇಲಿನ ಘಾಟಿ ರಸ್ತೆ, ಲವ್‌ಲ್ಯಾಂಡ್ ಪಾಸ್, ಅದರ ಮೇಲೆ ಹೋಗಿ ಅಂತ ಯಾರಾದರೂ ಹೇಳುತ್ತಾರೆ. ನಿಮಗೆ ಇದು ಮೊದಲ ಚಳಿಗಾಲ, ಬೇಡ. ಟನೆಲ್‌ನಲ್ಲೇ ಹೋಗಿ. ನಾನು ಹಾಳುಮಾಡಿಕೊಂಡ ಆ ನೋಟ ಬೇಕಿದ್ದರೆ ಕೆಳಗಿಳಿದು ಎಕ್ಸಿಟ್ 205ರಲ್ಲಿ ಡಿಲನ್ ಊರಿಗೆ ಹೋಗಿ. ಕೆರೆ ದಂಡೆಯಲ್ಲಿ ಪಾರ್ಕಿಂಗ್ ಇದೆ, ಸುತ್ತಲೂ ಬೆಟ್ಟ. ಹೆಪ್ಪುಗಟ್ಟಿದ ಹಾಗೆ ಕಂಡರೂ ಕೆರೆ ಮೇಲೆ ಮಾತ್ರ ಕಾಲಿಡಬೇಡಿ.

ಗ್ಲೆನ್‌ವುಡ್ ಕ್ಯಾನ್ಯನ್‌ನಲ್ಲಿ ಗೋಡೆಗಳು ಎತ್ತರ, ಬಿಸಿಲು ಒಳಗೆ ಬೀಳುವುದೇ ಕಮ್ಮಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿರೋ ಹಾಗೆ ಹೊರಡಿ. ಎಕ್ಸಿಟ್ 121, ಗ್ರಿಜ್ಲಿ ಕ್ರೀಕ್ ರೆಸ್ಟ್ ಏರಿಯಾ, ಕೊಲೊರಾಡೋ ನದಿ ಕೈಗೆ ಸಿಗೋ ಹಾಗಿದೆ. ಮುಂದೆ ಫ್ರೂಟಾ, ಎಕ್ಸಿಟ್ 19, ಅಲ್ಲಿಂದ ಕೊಲೊರಾಡೋ ನ್ಯಾಷನಲ್ ಮಾನ್ಯುಮೆಂಟ್. ಕೆಂಪು ಬಂಡೆ ಮೇಲೆ ಬಿಳಿ ಹಿಮ, ಬೇಸಿಗೆಯಲ್ಲಿ ಹೋದವರಿಗೆ ಇದು ಸಿಗುವುದಿಲ್ಲ. ಆ ರಸ್ತೆ 23 ಮೈಲಿ, ಹಿಮ ಜಾಸ್ತಿ ಇದ್ದರೆ ಮುಚ್ಚಿರುತ್ತಾರೆ, ಕೇಳಿಕೊಂಡು ಹೋಗಿ. ಯೂಟಾದಲ್ಲಿ ಎಕ್ಸಿಟ್ 182ಕ್ಕೆ ಮೋಆಬ್ ಕಡೆ ತಿರುಗುತ್ತೀರಿ.

ವೇಗಸ್‌ಗೆ ಹೊರಟಾಗ ಗ್ರೀನ್ ರಿವರ್‌ನಲ್ಲಿ ಪೆಟ್ರೋಲ್ ತುಂಬಿಸಲೇಬೇಕು. ಅಲ್ಲಿಂದ ಸಲೈನಾ ಊರಿನವರೆಗೆ ನೂರಕ್ಕಿಂತ ಜಾಸ್ತಿ ಮೈಲಿ ಒಂದು ಬಂಕ್ ಇಲ್ಲ, ಹೋಟೆಲ್ ಇಲ್ಲ. ಆದರೆ ನಿಲ್ಲಿಸಿ ನೋಟ ನೋಡೋಕೆ ಅಂತಲೇ ಮಾಡಿದ ಜಾಗಗಳು ಆ ದಾರಿಯಲ್ಲಿ ಇವೆ. ಸ್ಪಾಟೆಡ್ ವುಲ್ಫ್, ಘೋಸ್ಟ್ ರಾಕ್ಸ್ ಅಂತ ವ್ಯೂ ಏರಿಯಾ ಬೋರ್ಡ್ ಬರುತ್ತದೆ. ಕೆಲವು ಒಂದೇ ದಿಕ್ಕಿನಿಂದ ಹೋಗೋರಿಗೆ ಮಾತ್ರ, ತಪ್ಪಿದರೆ ಬಿಟ್ಟುಬಿಡಿ, ಹಿಂದಕ್ಕೆ ತಿರುಗಿಸಬೇಡಿ.

ಡಿಸೆಂಬರ್ ಕೊನೆಗೆ ಡೆನ್ವರ್‌ನಲ್ಲಿ ನಾಲ್ಕೂಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ, ಬೆಳಗಿನ ಜಾವವೇ ಹೊರಡಿ. ಸೆಪ್ಟೆಂಬರ್ 1ರಿಂದ ಮೇ 31ರ ತನಕ ಕೊಲೊರಾಡೋದ ಆ ಬೆಟ್ಟದ ಭಾಗದಲ್ಲಿ ಟ್ರ್ಯಾಕ್ಷನ್ ಲಾ, ಅಂದರೆ ಗಾಡಿ ಜಾರದ ಹಾಗೆ ಟೈರ್ ಇರಬೇಕು ಅನ್ನೋ ಕಾನೂನು, ಇರುತ್ತದೆ, ಟೈರಿನ ಗೆರೆಯ ಆಳ ಇಂಚಿನ 16ರಲ್ಲಿ 3 ಭಾಗವಾದರೂ ಇರಬೇಕು. ಈ ವಾರವೇ ತೋರಿಸಿ. ಹಿಮದಲ್ಲಿ ಕ್ಯಾಮೆರಾ ತಾನಾಗಿ ತೆಗೆದರೆ ಬಿಳಿ ಬೂದು ಆಗಿ ಬರುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಜಾಸ್ತಿ ಮಾಡಿಕೊಳ್ಳಲಿ. ಬ್ಯಾಟರಿ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ. ಹೊರಗಿಂದ ಕಾರೊಳಗೆ ಬರುವ ಮುಂಚೆ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಮುಚ್ಚಲಿ, ಇಲ್ಲದಿದ್ದರೆ ಲೆನ್ಸ್ ಎಲ್ಲ ನೀರು.

ಹೊರಟಾಗ ಒಂದು, ಗ್ರ್ಯಾಂಡ್ ಜಂಕ್ಷನ್ ತಲುಪಿದಾಗ ಒಂದು, ಮೋಆಬ್ ರೂಮಿಗೆ ಹೋದಾಗ ಒಂದು ಮೆಸೇಜ್ ಹಾಕು. ನಿಮ್ಮಮ್ಮನಿಗೆ ಬೇರೆಯಾಗಿ ಬೇಡ, ಇಲ್ಲೇ ಹಾಕು, ನಾನೂ ಎದ್ದಿರುತ್ತೇನೆ. ಆ ಟಗರಿನ ಫೋಟೋ ಸಿಕ್ಕರೆ ಅದನ್ನೂ.