ಬಂಡೆಗೆ ಅಂಟ್ಕೊಂಡಿದ್ದ ಈ ಮೀಸೆ ಮೀನು ಯಾವ್ದು?

ಕೊಪ್ಪದವ್ನು:
ಹೋದ್ವಾರ ಕೆರೆಕಟ್ಟೆ ಹತ್ರ ಅತ್ತೆ ಮನೆಗೆ ಹೋಗಿದ್ದೆ, ತೋಟದ ಕೆಳಗಿನ ಹಳ್ಳದಲ್ಲಿ ನೀರು ಕಾಲೇ ಎಳ್ಕೊಂಡ್ ಹೋಗೋ ಹಂಗೆ ಹರೀತಿತ್ತು, ಅಂಥದ್ರಲ್ಲಿ ಬೆರಳುದ್ದದ ಒಂದು ಕಂದು ಮೀನು ಬಂಡೆಗೆ ಕಚ್ಕೊಂಡು ಅಲ್ಲಾಡ್ದೆ ಇದೆ. ಮೀಸೆ ಇದೆ, ಹೊಟ್ಟೆ ಚಪ್ಪಟೆ, ಹುರುಪೆ ಕಾಣ್ಲಿಲ್ಲ. ಮಾವ ಮುರುಗೋಡು ಮರಿ ಅಂದ್ರು, ನಂಗ್ಯಾಕೋ ಡೌಟು. ಮೇಲಿಂದ ತೆಗ್ದ ಫೋಟೋ ಹಾಕಿದೀನಿ.

ಹಳ್ಳದ ಹುಚ್ಚ:
ಮುರುಗೋಡು ಅಲ್ವೇ ಅಲ್ಲ ಮಾರಾಯ್ರೆ. ಅದು ಕೆಸರು, ಗದ್ದೆ, ನಿಂತ ನೀರಿಂದು, ಬೆನ್ನಿನ ರೆಕ್ಕೆ ಬಾಲದ ತನಕ ಉದ್ದಕ್ಕೆ ಇರತ್ತೆ, ಬಾಲ ದುಂಡಗೆ. ನಿಮ್ಮದಕ್ಕೆ ಬಾಲ ಕವಲೊಡ್ದಿದೆ, ಬೆನ್ನ ಮೇಲೆ ಗಿಡ್ಡ ರೆಕ್ಕೆ, ಅದರ ಹಿಂದೆ ಮೆತ್ತಗಿರೋ ಇನ್ನೊಂದು, ಅಡಿಪೋಸ್ ಫಿನ್ ಅಂತಾರಲ್ಲ ಅದು. ಗ್ಲಿಪ್ಟೋಥೊರಾಕ್ಸ್ ಅನ್ನೋ ಕುಲದ್ದು ಇರ್ಬೇಕು, ಹರಿಯೋ ಹಳ್ಳದ ಮೀಸೆ ಮೀನು. ಹೊಟ್ಟೆ ಕಡೆ ಫೋಟೋ ಇಲ್ವಾ? ಎದೆ ಮೇಲೆ ಸೀರೆ ನೆರಿಗೆ ಥರ ಉದ್ದುದ್ದ ಚರ್ಮದ ಮಡಿಕೆ ಇರತ್ತೆ, ಕಲ್ಲಿಗೆ ಹಿಡ್ಕೊಳ್ಳೋದು ಅದ್ರಿಂದ್ಲೇ. ಹೆಸರಿನ ಅರ್ಥಾನೂ ಕೆತ್ತಿದ ಎದೆ ಅಂತ.

ತುಂಗೆ ತಟ:
ಕಲ್ಲಿಗೆ ಅಂಟೋದು ಅಂದ್ರೆ ಬ್ಯಾಲಿಟೋರಾ, ಭವಾನಿಯಾ ಅನ್ನೋ ಲೋಚ್‌ಗಳೂ (ಹಳ್ಳದ ಸಣ್ಣ ಮೀನುಗಳು) ಇವೆಯಲ್ಲ?

ಹಳ್ಳದ ಹುಚ್ಚ:
ಇವೆ, ನಾನೂ ಮೊದ್ಲು ಅದ್ರಲ್ಲೇ ಏಮಾರಿದ್ದು. ಆದ್ರೆ ಅವಕ್ಕೆ ಹುರುಪೆ ಇರತ್ತೆ, ಅಡಿಪೋಸ್ ಇರಲ್ಲ, ಅಂಟೋದು ಎದೆಯಿಂದಲ್ಲ, ಬೀಸಣಿಗೆ ಥರ ಅಗಲಿಸಿದ ರೆಕ್ಕೆಗಳಿಂದ. ಮೀಸೆ ಎಣಿಸಿ ನೋಡಿ, ಲೋಚ್‌ಗೆ ಮೂರು ಜೊತೆ ಗಿಡ್ಡವು, ಇದಕ್ಕೆ ನಾಲ್ಕು ಜೊತೆ.

ಕೊಪ್ಪದವ್ನು:
ಅತ್ತೆ ಮಗ ಗಾಜಿನ ಬಾಟ್ಲೀಲಿ ಹಿಡ್ದು ಅಲ್ಲೇ ವಾಪಸ್ ಬಿಟ್ಟಿದ್ನಂತೆ, ಅವನ ಫೋನಲ್ಲಿ ಹೊಟ್ಟೆ ಫೋಟೋ ಸಿಕ್ತು, ನೆರಿಗೆ ಇದೆ ಸಾರ್!! ಗೂಗಲ್ ಮಾಡಿದ್ರೆ ಗ್ಲಿಪ್ಟೋಥೊರಾಕ್ಸ್ ಕುದ್ರೆಮುಖೆನ್ಸಿಸ್ ಅನ್ನೋ ಪ್ರಭೇದ ಅಂತ ಬರ್ತಿದೆ, ಅದೇ ಅಂತ ಬರ್ಕೊಳ್ಳಲಾ?

ಹಳ್ಳದ ಹುಚ್ಚ:
ತಡೀರಿ. ಅದನ್ನ 2007ರಲ್ಲಿ ಕುದುರೆಮುಖ ಶ್ರೇಣಿಯ ತುಂಗಾ ನದಿಯಿಂದಲೇ ಹೊಸ ಪ್ರಭೇದ ಅಂತ ವಿವರಿಸಿದ್ದು ನಿಜ, ಜಾಗ ಚೆನ್ನಾಗೇ ಹೊಂದತ್ತೆ. ಆದ್ರೆ ಜಾಗ ನೋಡಿ ಹೆಸ್ರಿಡೋದು ಅಂದಾಜು ಅಷ್ಟೇ, ಘಟ್ಟದಲ್ಲಿ ಲೋನಾ, ಮದ್ರಾಸ್‌ಪಟಾನಸ್ ಅಂತ ಇದರ ಅಣ್ತಮ್ಮಂದ್ರು ಸುಮಾರಿದಾರೆ. ನೆರಿಗೆಯ ಆಕಾರ, ಮೈ ಚರ್ಮ ನುಣುಪೋ ತರಿಯೋ, ಬಾಲದ ಬುಡ ಎಷ್ಟು ದಪ್ಪ, ಇದೆಲ್ಲ ಅಳೆದು ನೋಡ್ಬೇಕು. ಸದ್ಯಕ್ಕೆ ಗ್ಲಿಪ್ಟೋಥೊರಾಕ್ಸ್ ಅಂತ ಮಾತ್ರ ಬರ್ಕೊಳ್ಳಿ. ಅಂದ್ಹಾಗೆ ಹಳ್ಳ ನ್ಯಾಷನಲ್ ಪಾರ್ಕ್ ಒಳಗಿದ್ರೆ ಹುಡುಗಂಗೆ ಹೇಳಿ, ಬಾಟ್ಲೀಲೂ ಹಿಡಿಯೋ ಹಂಗಿಲ್ಲ.

ಕೊಪ್ಪದವ್ನು:
ತೋಟದ ಹಳ್ಳ ಸಾರ್, ಪಾರ್ಕ್ ಗಡಿ ಆಚೆಗಿದೆ. ಮಾವ ಮಾತ್ರ ಇನ್ನೂ ಮುರುಗೋಡು ಅಂತ್ಲೇ ಅಂತಿದಾರೆ.