ಕೋವಿ ದುರಸ್ತಿ ಕಲಿಯುವುದು ಎಲ್ಲಿ?

ವಿರಾಜಪೇಟೆಯ ಹುಡುಗ: ಐಟಿಐ ಫಿಟ್ಟರ್ ಮುಗಿಸಿದ್ದೇನೆ. ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ತಾತನ ಜೋಡುನಳಿಗೆ ಕೋವಿ ಒರೆಸಿ ತೋಕ್ ಪೂ (ಕೋವಿ ಹೂ) ಸಿಕ್ಕಿಸುವಾಗಲೆಲ್ಲ ಇದೇ ಕಸುಬು ಹಿಡಿಯಬೇಕೆನಿಸುತ್ತದೆ. ದಾರಿ ಯಾವುದು?

ನಿವೃತ್ತ ಆರ್ಮರರ್ (ಕೋವಿ ದುರಸ್ತಿಗಾರ): ತಮ್ಮಾ, ಮೊದಲು ಅರ ಹಿಡಿಯುವುದನ್ನು ಕಲಿ. ನನ್ನ ಉಸ್ತಾದರು ಮೂರು ತಿಂಗಳು ಬರೀ ಕಬ್ಬಿಣದ ತುಂಡನ್ನು ಚೌಕ ಮಾಡಿಸಿದರು. ಬೆಳಕಿಗೆ ಹಿಡಿದು ಮೂಲೆಮಟ್ಟ ಇಟ್ಟಾಗ ಕೂದಲೆಳೆಯಷ್ಟು ಸಂದು ಕಂಡರೂ ಮತ್ತೆ ಮೊದಲಿನಿಂದ! ಸೇನೆಯ ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ದಳದಲ್ಲಿ ಈ ಕೆಲಸ ಕಲಿಸುತ್ತಾರೆ. ಹೊರಗಾದರೆ ಪರವಾನಗಿ ಇರುವ ಅಂಗಡಿಗೇ ಸೇರಿಕೊ.

ವಿರಾಜಪೇಟೆಯ ಹುಡುಗ: ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ, ಸರ್?

ನಿವೃತ್ತ ಆರ್ಮರರ್: ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ದುರಸ್ತಿಯ ಅಂಗಡಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬೇರೆಯೇ ಪರವಾನಗಿ ಬೇಕು.

ಕಾಫಿ ತೋಟದವರು: ಮರಗೆಲಸವನ್ನೂ ಕಲಿಯಿರಿ. ನಮ್ಮ ಮಳೆಗೆ ನನ್ನ ಕೋವಿಯ ಹಿಡಿ ಎರಡು ಸಲ ಬಿರುಕು ಬಿಟ್ಟಿದೆ.