ಆರಿದ್ರಾ ಪಕ್ಕದಲ್ಲೇ ಇರುವಾಗ ಬೇರೆ ಗ್ಯಾಲಕ್ಸಿ ಯಾಕೆ?

ಪ್ರಶ್ನೆ – ಪಿಯು ಮೇಷ್ಟ್ರು, ಹಾಸನ
ನಿನ್ನೆ ಕ್ಲಾಸಿನಲ್ಲಿ ಒಬ್ಬ ಹುಡುಗಿ ಕೇಳಿದಳು: "ಸರ್, ಆರಿದ್ರಾ ಮಳೆಯ ನಕ್ಷತ್ರವೂ ಸಿಡಿಯುವಂಥದ್ದೇ ಅಲ್ವಾ? ಅದನ್ನು ಬಿಟ್ಟು ಬೇರೆ ಗ್ಯಾಲಕ್ಸಿಯ ದೊಡ್ಡ ನಕ್ಷತ್ರಗಳ ಹಿಂದೆ ಯಾಕೆ ಹೋಗ್ತಾರೆ?" ಸೋಮವಾರ ಹೇಳ್ತೀನಿ ಅಂದಿದ್ದೇನೆ. ತಿಳಿದವರು ಹೇಳಿ.

ಉತ್ತರ – ಸಂಶೋಧಕಿ, ಬೆಂಗಳೂರು
ಸರ್, ಒಳ್ಳೆಯ ಪ್ರಶ್ನೆ. ಆರಿದ್ರಾ (ಇಂಗ್ಲಿಷಿನ ಬೀಟಲ್‌ಜ್ಯೂಸ್) ಎಷ್ಟು ದೂರ ಅನ್ನುವುದೇ ಇನ್ನೂ ಇತ್ಯರ್ಥವಾಗಿಲ್ಲ. ಒಂದು ಲೆಕ್ಕಕ್ಕೆ ಸುಮಾರು 550 ಜ್ಯೋತಿರ್ವರ್ಷ, ಇನ್ನೊಂದಕ್ಕೆ 700ಕ್ಕೂ ಜಾಸ್ತಿ. ದೂರ ಗೊತ್ತಾಗದೆ ನಿಜವಾದ ಬೆಳಕು ಗೊತ್ತಾಗುವುದಿಲ್ಲ, ತೂಕವೂ ಗೊತ್ತಾಗುವುದಿಲ್ಲ. ನಮ್ಮ ಪಕ್ಕದ ಪುಟ್ಟ ಗ್ಯಾಲಕ್ಸಿಯಾದ ದೊಡ್ಡ ಮ್ಯಾಗೆಲ್ಲಾನಿಕ್ ಮೋಡದಲ್ಲಿ ಈ ತಕರಾರಿಲ್ಲ. ಅಲ್ಲಿನ ಎಲ್ಲ ನಕ್ಷತ್ರಗಳೂ ಹೆಚ್ಚುಕಡಿಮೆ 1.6 ಲಕ್ಷ ಜ್ಯೋತಿರ್ವರ್ಷ ದೂರ. ನಮ್ಮ ಗ್ಯಾಲಕ್ಸಿಯ ಧೂಳೂ ಅಷ್ಟಾಗಿ ಅಡ್ಡ ಬರುವುದಿಲ್ಲ.

ಸೂರ್ಯನ ಆಯಸ್ಸು ಸಾವಿರ ಕೋಟಿ ವರ್ಷ. ಅದರ 20 ಪಟ್ಟು ತೂಗುವ ನಕ್ಷತ್ರ ಒಂದು ಕೋಟಿ ವರ್ಷ ಬಾಳುವುದೂ ಕಷ್ಟ. ಆದರೂ ಒಂದೇ ನಕ್ಷತ್ರ ಬೆಳೆದು ಸಾಯುವುದನ್ನು ನಾವು ಕೂತು ನೋಡಲಾಗದು. ಜಾತ್ರೆಯಲ್ಲಿ ಕೂಸಿನಿಂದ ಅಜ್ಜನವರೆಗೆ ಎಲ್ಲರೂ ಒಂದೇ ದಿನ ಸಿಗುತ್ತಾರಲ್ಲ, ಹಾಗೆ ಒಂದು ಗ್ಯಾಲಕ್ಸಿಯಲ್ಲಿ ಬಾಳಿನ ಬೇರೆ ಬೇರೆ ಹಂತದಲ್ಲಿರುವ ನೀಲಿ, ಕೆಂಪು, ವುಲ್ಫ್-ರಾಯೆ (ಹೊರಪದರ ಕಳೆದುಕೊಂಡ ಬಲು ಬಿಸಿ) ನಕ್ಷತ್ರಗಳನ್ನೆಲ್ಲ ಎಣಿಸುತ್ತೇವೆ. ಯಾವ ಹಂತದಲ್ಲಿ ಕಡಿಮೆ ಸಿಗುತ್ತವೋ ಆ ಹಂತ ಬೇಗ ಮುಗಿಯುತ್ತದೆ ಅಂತ ಅರ್ಥ.

ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಒಂದು ರಾತ್ರಿ ಅಲ್ಲಿನ ಪರದೆಯಲ್ಲಿ ಎಂ33 ಗ್ಯಾಲಕ್ಸಿಯ ನಕ್ಷತ್ರವೊಂದರ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ನಕ್ಷೆ, ಮೂಡಿತು. ಹೈಡ್ರೋಜನ್ನಿನ ಕೆಂಪು ಗೆರೆ ಕಂಬದ ಹಾಗೆ ಎದ್ದು ನಿಂತಿತ್ತು. ಅಂದರೆ ನಕ್ಷತ್ರ ತನ್ನ ಮೈಯ ಅನಿಲವನ್ನೇ ಹೊರಗೆ ಊದುತ್ತಿದೆ. ಸುಮಾರು 27 ಲಕ್ಷ ವರ್ಷ ಹಿಂದೆ ಹೊರಟ ಬೆಳಕು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಉತ್ತರ – ಖಗೋಳಾಸಕ್ತ, ಧಾರವಾಡ
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಚಿಕ್ಕ ಮ್ಯಾಗೆಲ್ಲಾನಿಕ್ ಮೋಡದಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಸೂರ್ಯನಲ್ಲಿರುವುದರ ಐದನೇ ಒಂದು ಪಾಲು ಮಾತ್ರ. ಅವು ಕಡಿಮೆಯಾದರೆ ನಕ್ಷತ್ರದ ಗಾಳಿಯೂ (ಅದು ಹೊರಗೆ ಊದುವ ಅನಿಲ) ಮೆಲ್ಲಗೆ ಬೀಸುತ್ತದೆ, ತೂಕ ಅಷ್ಟು ಬೇಗ ಇಳಿಯುವುದಿಲ್ಲ. ಆದಿಕಾಲದ ನಕ್ಷತ್ರಗಳು ಹೇಗೆ ಬಾಳಿದವು ಅನ್ನುವುದಕ್ಕೆ ಹತ್ತಿರದ ಸುಳಿವು ಇದೇ.

ಪಿಯು ಮೇಷ್ಟ್ರು
ತುಂಬಾ ಉಪಕಾರ ಆಯ್ತು ಮೇಡಂ. ಇನ್ನೊಂದು ಸಂಶಯ: ದೊಡ್ಡ ನಕ್ಷತ್ರ ಆರಿದ್ರಾದ ಹಾಗೆ ಕೆಂಪಾದ ಮೇಲೇ ಸಿಡಿಯಬೇಕಾ?

ಸಂಶೋಧಕಿ
ಇಲ್ಲ ಸರ್. 1987ರ ಫೆಬ್ರವರಿಯಲ್ಲಿ ದೊಡ್ಡ ಮೋಡದಲ್ಲಿ ಸಿಡಿದ ಸ್ಯಾಂಡುಲೀಕ್ ನಕ್ಷತ್ರ ನೀಲಿಯದು. ಹಳೆಯ ಫೋಟೋಗಳಲ್ಲಿ ಅದು ಸಿಕ್ಕಿತು, ಎಲ್ಲರಿಗೂ ಆಶ್ಚರ್ಯ. ಮೊದಲೇ ಎರಡು ನಕ್ಷತ್ರ ಸೇರಿ ಒಂದಾಗಿದ್ದವು ಅನ್ನುವ ವಾದವೇ ನನಗೆ ಸರಿ ಕಾಣುತ್ತದೆ. ಅದರ ಸುತ್ತ ಇರುವ ಮೂರು ಉಂಗುರಗಳ ಹಬಲ್ ಚಿತ್ರವನ್ನು ಆ ಹುಡುಗಿಗೆ ತಪ್ಪದೆ ತೋರಿಸಿ.